ಸುಣ್ಣದ ಗೆರೆ ಎಳೆದವರು

ಪ್ರತಿ ಸ್ಮರಣ ಸಂಚಿಕೆಯಲ್ಲೂ ಕ್ರೀಡೆಗೆಂದು ಕೆಲವು ಪುಟ ಮೀಸಲಿಡುವುದು ನಮ್ಮ ಸಂಘದ ರೂಢಿ. ಗೆದ್ದವರ ಫೋಟೊ, ಕಪ್ಪು ಕೊಟ್ಟ ದಾನಿಯ ಫೋಟೊ, ರಿಬ್ಬನ್ ಕತ್ತರಿಸಿದ ಅತಿಥಿಯ ಫೋಟೊ (ಅತಿಥಿಯದು ತುಸು ದೊಡ್ಡದು). ಈ ಸಲ ಆ ಪುಟಗಳು ಬೆಳಗಾವಿ, ಖಾನಾಪುರದ ಮೈದಾನಗಳಲ್ಲಿ ಆಡದೆಯೇ ಬೆವರು ಸುರಿಸುವವರಿಗೆ. ಗೋವಾದ ಈ ಸಂಘದಲ್ಲಿ ಹೆಚ್ಚಿನವರು ಲೋಂಡಾ ದಾಟಿ ಘಟ್ಟ ಇಳಿದು ಬಂದವರೇ. ಹಾಗಾಗಿ ಇವರೆಲ್ಲ ನಮಗೆ ಗೊತ್ತು, ಮುಖದಿಂದ ಅಲ್ಲದಿದ್ದರೂ ಸಿಳ್ಳೆಯಿಂದ.

ಬೆಳಗಾವಿಯ ಆನಂದವಾಡಿಯಲ್ಲಿ ಜಂಗಿ ಕುಸ್ತಿ ಇದ್ದರೆ ಪೈಲ್ವಾನರಿಗಿಂತ ಎಷ್ಟೋ ದಿನ ಮೊದಲೇ ಮಣ್ಣು ಸಿದ್ಧವಾಗಬೇಕು. ಕೆಮ್ಮಣ್ಣು ಸಾಣಿಸಿ, ಹರಳು ಆರಿಸಿ, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುವ ತಾಲೀಮಿನ ಹುಡುಗರಿಗೆ ಕೂಲಿಯಿಲ್ಲ. ಜೋಡಿ ಹಚ್ಚುವ ಹಿರಿಯರ ಕೆಲಸ ಇನ್ನೂ ಸೂಕ್ಷ್ಮ. ಯಾರ ತೂಕ ಎಷ್ಟು, ಯಾರು ಎಲ್ಲಿ ಚಿತ್ ಆದರು, ಯಾರ ಮೊಣಕಾಲು ಇನ್ನೂ ನೋಯುತ್ತಿದೆ, ಎಲ್ಲ ತಲೆಯಲ್ಲೇ ಇರಬೇಕು; ಜೋಡಿ ತಪ್ಪಿದರೆ ಹೋಗುವುದು ಹುಡುಗನ ಭುಜ. ಮೈಕಿನವನು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾನೆ, ಕೊಲ್ಹಾಪುರದವನ ಡಾವಿಗೂ ಊರಿನವನ ಡಾವಿಗೂ ಹಲಗಿ ಒಂದೇ ಜೋರಿನಲ್ಲಿ ಮೊಳಗುತ್ತದೆ. ಗಡಿಯ ಬಗ್ಗೆ ಗಂಟಲು ಹರಿದುಕೊಳ್ಳುವವರು ಒಂದು ಸಂಜೆ ಅಲ್ಲಿ ಕುಳಿತು ಬರಲಿ.

ಖಾನಾಪುರದ ಕಡೆ ಇದೇ ಕೆಲಸ ಶಾಲೆಗಳ ಪಾಲಿಗೆ ಬಂದಿದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಬರುವುದೇ ಮಳೆಗಾಲದಲ್ಲಿ. ಜಾಂಬೋಟಿ, ಕಣಕುಂಬಿ ಕಡೆಯ ಮಕ್ಕಳು ಒದ್ದೆ ಬೂಟಿನಲ್ಲಿ ಬಂದಿಳಿಯುವಷ್ಟರಲ್ಲಿ ಹಿಂದಿನ ಸಂಜೆ ಎಳೆದ ಸುಣ್ಣದ ಗೆರೆ ತೊಳೆದುಹೋಗಿರುತ್ತದೆ. ಮತ್ತೆ ಎಳೆಯಬೇಕು. ಮೈದಾನ ಸಣ್ಣದಿರಲಿ ದೊಡ್ಡದಿರಲಿ, ಲೇನಿನ ಅಗಲ 1.22 ಮೀಟರ್ ಇದ್ದರೆ, ಲೇನು ಬಿಡದೆ ಓಡುವ ಒಂದು ಪೂರ್ತಿ ಸುತ್ತಿಗೆ ಎರಡನೆಯ ಲೇನಿನವಳು ಮೊದಲನೆಯವಳಿಗಿಂತ 7.04 ಮೀಟರ್ ಮುಂದೆ ನಿಲ್ಲಬೇಕು. ದೈಹಿಕ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಸಿಳ್ಳೆ ಹಿಡಿಯುವ ಗಣಿತದ ಮಾಸ್ತರರಿಗೆ ಈ ಲೆಕ್ಕವಾದರೂ ಇಷ್ಟವಾಗಬಹುದು. ಕಬಡ್ಡಿ ಅಂಕಣದಲ್ಲಿ ಆಡುವವರು ಹದಿನಾಲ್ಕು ಮಂದಿ. ನಿಯಮದ ಪ್ರಕಾರ ಅವರಿಗೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ಹಳ್ಳಿಯ ಪಂದ್ಯದಲ್ಲಿ ಈ ಆರೂ ಕೆಲಸ ಇಬ್ಬರ ತಲೆಗೆ ಬರುತ್ತವೆ, ಬೈಗುಳವೂ ಅವರಿಗೇ.

ತುರಮುರಿಯ ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಷ್‌ ಕುಸ್ತಿಯಲ್ಲಿ ಕಂಚು ಗೆದ್ದಾಗ ಇಡೀ ಜಿಲ್ಲೆ ಆ ಹೆಸರು ಹೇಳಿತು. ಅಂಥ ಹುಡುಗಿಯರು ಮೊದಲ ಸಲ ಕಣಕ್ಕೆ ಬಂದ ದಿನ ತಕ್ಕಡಿಯ ಪಕ್ಕ ನಿಂತು ತೂಕ ಬರೆದುಕೊಂಡವರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಹಾಗೆಂದು ಎಲ್ಲವನ್ನೂ ಸೇವೆ ಎಂದು ಕರೆಯಲು ನಾವು ಒಪ್ಪುವುದಿಲ್ಲ. ಆಟೋನಗರದ ಕೆಎಸ್‌ಸಿಎ ಮೈದಾನದಲ್ಲಿ 2019ರ ಜೂನ್‌ನಲ್ಲಿ ಶ್ರೀಲಂಕಾ ‘ಎ’ ವಿರುದ್ಧ ಋತುರಾಜ್ ಗಾಯಕವಾಡ್ ಅಜೇಯ 187 ಹೊಡೆದರು. ಬೆಳಗಾವಿಯ ಜೂನ್ ಎಂದರೆ ಕವರ್ ಹಿಡಿದು ಮೋಡ ನೋಡುತ್ತ ನಿಲ್ಲುವ ಕಾಲ. ಅಂಥ ಮೈದಾನದ ಕಸ ಗುಡಿಸುವವರು, ಗೇಟು ಕಾಯುವವರು, ಪಿಚ್ ಉರುಳಿಸುವವರು ದುಡಿಮೆಗಾರರು. ಅವರಿಗೆ ಸಂಬಳವೇ ಸಲ್ಲಬೇಕು. ದುಡ್ಡಿರುವ ಕೂಟಗಳು ಟೀಶರ್ಟ್ ಕೊಟ್ಟು ಕೂಲಿ ಉಳಿಸುವುದನ್ನು ಸ್ವಯಂಸೇವೆ ಎನ್ನಬಾರದು. ದುಡ್ಡಿಲ್ಲದ ಊರಿನ ಕೂಟದಲ್ಲಿಯೂ ಬಸ್ ಚಾರ್ಜು, ಬಿಸಿ ಊಟ, ನೆರಳಿಗೊಂದು ಪೆಂಡಾಲು ಕೊಡುವುದರಿಂದ ಯಾರ ನಿಸ್ವಾರ್ಥವೂ ಕೆಡುವುದಿಲ್ಲ.

2023ರಲ್ಲಿ ಗೋವಾದಲ್ಲಿ 37ನೇ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಕರ್ನಾಟಕದ ತಂಡಗಳಿಗೆ ಚಪ್ಪಾಳೆ ಹೊಡೆಯಲು ನಮ್ಮಲ್ಲಿ ಉತ್ಸಾಹಕ್ಕೆ ಕೊರತೆ ಇರಲಿಲ್ಲ. ಆ ಉತ್ಸಾಹದ ಒಂದು ಪಾಲು ಊರಿಗೂ ಹೋಗಲಿ. ಈ ವರ್ಷ ಅತಿಥಿಗಳ ಶಾಲು, ಹಾರ, ಫಲಕಗಳ ಖರ್ಚು ಕಡಿಮೆ ಮಾಡಿ, ಖಾನಾಪುರದ ಶಾಲೆಗಳಿಗೆ ಸ್ಟಾಪ್‌ವಾಚು, ಅಳತೆ ಟೇಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಳಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇವೆ. ಜಾತ್ರೆಗೆ ಊರಿಗೆ ಹೋಗುವವರು ಅಖಾಡದ ಬದಿಯಲ್ಲಿ ಎರಡು ತಾಸು ನೀರು ಹಂಚಿದರೂ ಆದೀತು.

ನಮ್ಮದೇ ಕ್ರಿಕೆಟ್ ಟೂರ್ನಿಗೆ ಸ್ಕೋರರ್ ಆಗಲು ಒಪ್ಪುವವರು ಕ್ರೀಡಾ ಕಾರ್ಯದರ್ಶಿಗೆ ಹೆಸರು ಕೊಡಬೇಕು. ಬ್ಯಾಟು ಬೀಸಲು ಈಗಾಗಲೇ ಮೂರು ತಂಡಕ್ಕಾಗುವಷ್ಟು ಜನ ಬರೆಸಿದ್ದಾರೆ.