ಡ್ರಾಫ್ಟಿನ ಆ ತುದಿ

ಮೊನ್ನೆ ರಜೆಗೆ ಬಂದ ಮೊಮ್ಮಗಳು ಕಪಾಟಿನಿಂದ ನನ್ನ ಪಾಸ್‌ಪೋರ್ಟ್ ಹುಡುಕಿ ತೆಗೆದಳು. ಪುಟ ತಿರುವಿ ತಿರುವಿ ಕೊನೆಗೆ, “ಅಜ್ಜ, ಇದರಲ್ಲಿ ದುಬೈ ಒಂದೇ ಉಂಟಲ್ಲ! ಬುರ್ಜ್ ಖಲೀಫಾ ನೋಡಿದ್ಯಾ?” ಎಂದು ಕೇಳಿದಳು. ನೋಡಿದ್ದೇನೆ ಮಗಾ. ಆದರೆ ಆ ಊರಿನಲ್ಲಿ ನಾನು ನೋಡಿದ್ದರಲ್ಲಿ ಹೆಚ್ಚು ನೆನಪಿರುವುದು ಒಂದು ಕಿಟಕಿ. ಈ ವಾರ ಅದನ್ನೇ ಹೇಳುತ್ತೇನೆ.

ನಾನು ಹೊಳನಗದ್ದೆಯವನಾದರೂ ನೌಕರಿಯ ಮೊದಲ ವರ್ಷಗಳು ಕಳೆದದ್ದು ಭಟ್ಕಳದಲ್ಲಿ. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದ್ದೆ. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗ. ನವಾಯತರ ಪೈಕಿ. ಮನೆಯಲ್ಲಿ ಕೊಂಕಣಿಗೆ ಹತ್ತಿರದ ನವಾಯತಿ ಮಾತು, ನನ್ನ ಹತ್ತಿರ ಕನ್ನಡ. ಸಂಜೆ ಬ್ಯಾಂಕು ಮುಗಿದ ಮೇಲೆ ಇಬ್ಬರೂ ಬಂದರಿನ ಕಡೆ ತಿರುಗಾಡಲು ಹೋಗುತ್ತಿದ್ದೆವು. 1979ರಲ್ಲಿ ಅವನು ದುಬೈಗೆ ಹೊರಟ. ಆಗ ಭಟ್ಕಳದಲ್ಲಿ ರೈಲೇ ಇರಲಿಲ್ಲ. ಬಸ್ಸಿನಲ್ಲಿ ಮುಂಬೈಗೆ, ಅಲ್ಲಿಂದ ಹಡಗಿನಲ್ಲಿ ದುಬೈಗೆ. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ.

ಅವನು ಹೋದ ಮೇಲೆ ನಮ್ಮ ಕೌಂಟರಿಗೆ ಅವನ ತಾಯಿ ಬರತೊಡಗಿದರು. ಈಗಿನ ಮಕ್ಕಳಿಗೆ ಹಣ ಕಳಿಸುವುದು ಎಂದರೆ ಫೋನಿನ ಮೇಲೆ ಬೆರಳು ಒತ್ತುವುದು. ಆಗ ಹಾಗಲ್ಲ. ಅಲ್ಲಿ ದುಡಿಯುವವನು ಹಣ ಬದಲಿಸುವ ಅಂಗಡಿಗೆ ಹೋಗಿ ದಿರ್ಹಮ್ ಕೊಟ್ಟು ರೂಪಾಯಿಯ ಡ್ರಾಫ್ಟ್ ತೆಗೆಸಬೇಕು. ಅದನ್ನು ಲಕೋಟೆಯಲ್ಲಿಟ್ಟು ರಿಜಿಸ್ಟರ್ ಟಪಾಲಿಗೆ ಹಾಕಬೇಕು, ಇಲ್ಲವೇ ಊರಿಗೆ ಹೊರಟವರ ಕೈಗೆ ಕೊಡಬೇಕು. ಇಲ್ಲಿ ಮನೆಯವರು ಅದನ್ನು ಖಾತೆಗೆ ಕಟ್ಟಿದರೆ, ನಾವು ಮುಂಬೈಗೆ ವಸೂಲಿಗೆ ಕಳಿಸುತ್ತಿದ್ದೆವು. ಅಲ್ಲಿಂದ ಜಮೆಯ ಚೀಟಿ ಬರುವುದರೊಳಗೆ ಎರಡು ಮೂರು ವಾರ ಕಳೆಯುತ್ತಿತ್ತು. ಅಲ್ಲಿಯವರೆಗೆ ಆ ತಾಯಿ ಬಿಸಿಲಲ್ಲಿ ನಡೆದು ಬಂದು, “ದುಡ್ಡು ಬಂತಾ?” ಎಂದು ಕೇಳುವುದು, ನಾನು ಲೆಡ್ಜರಿನಿಂದ ತಲೆ ಎತ್ತದೆ, “ಇಲ್ಲ ಅಮ್ಮಾ, ಮುಂದಿನ ವಾರ ಬನ್ನಿ” ಎನ್ನುವುದು.

ನಾಲ್ಕು ದಶಕ ಕಳೆಯಿತು. ನಾನು ನಿವೃತ್ತನಾಗಿ ಹೊಳನಗದ್ದೆಗೆ ಬಂದು ಕೂತೆ. ಅವನು ಅಲ್ಲೇ ಒಂದು ಚಿಕ್ಕ ಅಂಗಡಿ ಮಾಡಿ, ಮಗನಿಗೆ ಬಿಟ್ಟುಕೊಟ್ಟ. ಪ್ರತಿ ಸಲ ಊರಿಗೆ ಬಂದಾಗಲೂ, “ನನ್ನ ಊರು ನೋಡ್ಲಿಕ್ಕೆ ಯಾವಾಗ ಬರ್ತೆ ಮಾರಾಯ?” ಎಂದು ಪೀಡಿಸುತ್ತಿದ್ದ. ಕೊನೆಗೆ 2019ರ ಮಾರ್ಚಿನಲ್ಲಿ ಅವನ ಮಗನೇ ವೀಸಾ ಮಾಡಿಸಿದ. ಏನು ತರಲಿ ಎಂದು ಕೇಳಿದರೆ, ಹೆಂಡತಿಗೆ ಭಟ್ಕಳ ಮಲ್ಲಿಗೆ, ತನಗೆ ಕುಮಟೆಯ ಸಿಹಿ ಈರುಳ್ಳಿಯ ಒಂದು ದಂಡೆ ಎಂದ. ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ, ಮಂಗಳೂರಿನಿಂದ ವಿಮಾನ ಹತ್ತಿದೆ. ಸುಮಾರು ಮೂರೂವರೆ ತಾಸಿನ ಹಾರಾಟ. ಗಡಿಯಾರವನ್ನು ಒಂದೂವರೆ ತಾಸು ಹಿಂದೆ ತಿರುಗಿಸಿಕೊಂಡೆ.

ಮೊದಲ ದಿನ ಬುರ್ಜ್ ಖಲೀಫಾ. 2010ರಲ್ಲಿ ತೆರೆದ ಕಟ್ಟಡ, ಎತ್ತರ 828 ಮೀಟರ್. ಮಕ್ಕಳಿಗೆ ಲೆಕ್ಕ ಸಿಗಬೇಕಾದರೆ, ನಮ್ಮ ಮುರುಡೇಶ್ವರದ 20 ಅಂತಸ್ತಿನ ಗೋಪುರ ಉಂಟಲ್ಲ, ಅಂಥ ಹತ್ತನ್ನು ಒಂದರ ಮೇಲೊಂದು ಇಟ್ಟರೂ ಇದರ ತುದಿ ಮುಟ್ಟುವುದಿಲ್ಲ. ನಾನು ಕತ್ತು ಎತ್ತಿ ನೋಡಿ, “ಭಾರೀ ಉಂಟು” ಎಂದೆ. ಅವನಿಗೆ ಅಷ್ಟು ಸಾಕಾಗಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಎರಡನೇ ದಿನ ಹಳೆಯ ದುಬೈ. ಸಮುದ್ರ ಒಳನುಗ್ಗಿ ಊರನ್ನು ಎರಡು ಭಾಗ ಮಾಡಿದೆ. ಆ ಉಪ್ಪುನೀರಿನ ಕಾಲುವೆಯ ಒಂದು ದಂಡೆ ಬರ್ ದುಬೈ, ಇನ್ನೊಂದು ದೇರಾ. ಬರ್ ದುಬೈ ಬದಿಯಲ್ಲಿ ಹಳೆಯ ವ್ಯಾಪಾರಿಗಳ ಮನೆಗಳಿವೆ. ನಮ್ಮಲ್ಲಿ ಚಿರೆಕಲ್ಲು ಕಟ್ಟಿದಂತೆ ಅಲ್ಲಿ ಸಮುದ್ರದ ಹವಳದ ಕಲ್ಲು. ಮನೆಯ ಮೇಲೆ ಚೌಕಾಕಾರದ ಗಾಳಿಗೋಪುರ. ಅದರ ನಾಲ್ಕೂ ಮುಖ ತೆರೆದಿರುವುದರಿಂದ ಯಾವ ದಿಕ್ಕಿನ ಗಾಳಿಯನ್ನಾದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ವಿದ್ಯುತ್ ಇಲ್ಲದ ಕಾಲದ ಫ್ಯಾನು ಅದು! ನಾನು ಅದರ ಅಡಿಗೆ ನಿಂತು ತಂಪು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಿದೆ. ಅವನು ನಕ್ಕ.

ಆಚೆ ದಂಡೆಗೆ ದಾಟಲು ಆಬ್ರಾ ಎಂಬ ಮರದ ದೋಣಿ. ಒಬ್ಬರಿಗೆ ಒಂದು ದಿರ್ಹಮ್. ಅವನು ನಾಣ್ಯ ಕೊಡುವಾಗ ನನ್ನೊಳಗಿನ ಗುಮಾಸ್ತ ಎದ್ದು ಕೂತ. “ಇಲ್ಲಿ ಹಿಂದೆ ನಮ್ಮ ರೂಪಾಯಿಯೇ ನಡೀತಿತ್ತು, ಗೊತ್ತುಂಟಾ?” ಎಂದೆ. ಅವನಿಗೆ ಗೊತ್ತಿರಲಿಲ್ಲ. ಕೊಲ್ಲಿಯ ಈ ಊರುಗಳಲ್ಲಿ ಬಹುಕಾಲ ಭಾರತದ ರೂಪಾಯಿಯದೇ ಚಲಾವಣೆ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಈ ಭಾಗಕ್ಕೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಸಂಖ್ಯೆಯ ಮುಂದೆ ‘ಝಡ್’ ಅಕ್ಷರ. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಅದನ್ನು ಬಿಟ್ಟಿತು. 1973ರಲ್ಲಿ ದಿರ್ಹಮ್ ಬಂತು. “ನಲವತ್ತು ವರ್ಷ ಇದ್ದವ ನಾನು, ಪಾಠ ಹೇಳುವವ ನೀನು!” ಎಂದು ಅವನು ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕ.

ದೇರಾ ಬದಿಯಲ್ಲಿ ಸಾಮಾನು ತುಂಬಿಕೊಳ್ಳುವ ಮರದ ಹಡಗುಗಳು ಸಾಲಾಗಿ ನಿಂತಿದ್ದವು. ಹಿಂದೆ ಇಂಥ ಹಡಗು ಕಟ್ಟಲು ಮಲಬಾರಿನಿಂದ ತೇಗದ ಮರ ಬರುತ್ತಿತ್ತಂತೆ. ಚಿನ್ನದ ಪೇಟೆಯನ್ನೂ ನೋಡಿಯಾಯಿತು. ಇನ್ನು ಮನೆಗೆ ಹೋಗೋಣ ಎನ್ನುವ ಹೊತ್ತಿಗೆ ಅವನು ತುಸು ತಡೆದು, “ಇನ್ನೊಂದು ಜಾಗ ಉಂಟು. ನನ್ನ ಮಗನಿಗೂ ತೋರಿಸಲಿಲ್ಲ. ಬಾ” ಎಂದ.

ನಾಯಿಫ್ ಎಂಬ ಕೇರಿಯ ಇಕ್ಕಟ್ಟಾದ ಓಣಿ. ಬಣ್ಣ ಹೋದ ಒಂದು ಕಟ್ಟಡದ ಎದುರು ನಿಂತು ಬೆರಳು ಮಾಡಿದ. “ಎರಡನೇ ಮಾಳಿಗೆ, ಎಡಗಡೆ ಕಿಟಕಿ. ಒಂದೇ ಕೋಣೆ, ಒಂಬತ್ತು ಜನ. ಒಂದರ ಮೇಲೊಂದು ಮಂಚ. ರಾತ್ರಿ ಪಾಳಿಯವರು ಬಂದರೆ ನಾವು ಏಳಬೇಕು. ಆರು ವರ್ಷ ಇದ್ದೆ.” ಕಿಟಕಿಯ ಹೊರಗೆ ಯಾರದೋ ಅಂಗಿ ಒಣಗುತ್ತಿತ್ತು. ಈಗ ಅಲ್ಲಿ ಯಾವ ಊರಿನ ಮಕ್ಕಳೋ!

ಓಣಿಯ ತುದಿಗೆ ಒಂದು ಮೊಬೈಲ್ ಅಂಗಡಿ. “ಆಗ ಅದು ಹಣ ಬದಲಿಸುವ ಅಂಗಡಿ. ಸಂಬಳದ ದಿನ ಅಲ್ಲಿಂದ ಇಲ್ಲೀವರೆಗೆ ಸಾಲು. ಡ್ರಾಫ್ಟ್ ತೆಗೆಸಿ ಪೋಸ್ಟಿಗೆ ಹಾಕಿದ ಮೇಲೇ ನಾವು ಊಟ ಮಾಡುವುದು. ನೀನು ಡ್ರಾಫ್ಟನ್ನು ಆ ತುದಿಯಲ್ಲಿ ನೋಡಿದವ. ಈ ತುದಿಯನ್ನೂ ನೋಡು ಅಂತ ಕರ್ಕೊಂಡು ಬಂದೆ” ಎಂದ.

ಮಕ್ಕಳೇ, ಆಗ ನನಗೆ ಒಂದು ವಿಷಯ ಹೇಳದೆ ಇರಲಾಗಲಿಲ್ಲ. ಒಮ್ಮೆ ಅವನ ಡ್ರಾಫ್ಟ್ ಬಂದಾಗ ನಾನು ಅದನ್ನು ಮುಂಬೈಗೆ ಕಳಿಸಲು ಮರೆತಿದ್ದೆ. ನನ್ನ ಡ್ರಾಯರಿನಲ್ಲೇ ಒಂಬತ್ತು ದಿನ ಬಿದ್ದಿತ್ತು. ಆ ತಾಯಿ ಮೂರು ಸಲ ಬಂದು ಹೋದರು. ತಪ್ಪು ಗೊತ್ತಾದ ಮೇಲೂ ನಾನು, “ಮುಂಬೈಯಲ್ಲಿ ತಡ ಆಗಿದೆ ಅಮ್ಮಾ” ಎಂದಿದ್ದೆ. ಮರೆತದ್ದು ಒಂದು ತಪ್ಪು, ಸುಳ್ಳು ಹೇಳಿದ್ದು ಇನ್ನೊಂದು. ಎರಡನ್ನೂ ಆ ಓಣಿಯಲ್ಲಿ ನಿಂತು ಅವನಿಗೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಯಾವ ತಿಂಗಳೋ ಏನೋ, ನನಗೆ ಗೊತ್ತೇ ಆಗಲಿಲ್ಲ ಮಾರಾಯ. ಅಮ್ಮ ತಮ್ಮನ ಕೈಲಿ ಕಾಗದ ಬರೆಸ್ತಿದ್ದಳು. ಪ್ರತಿ ಕಾಗದದಲ್ಲೂ ‘ಹಣ ತಲುಪಿತು, ಚಿಂತೆ ಮಾಡಬೇಡ’ ಅಂತಲೇ ಇರ್ತಿತ್ತು. ನಾನೂ ಪ್ರತಿ ಸಲ ‘ಒಳ್ಳೇ ಕೋಣೆ ಉಂಟು, ಒಬ್ಬನೇ ಇದ್ದೇನೆ’ ಅಂತಲೇ ಬರೀತಿದ್ದೆ” ಎಂದ. ತಾಯಿ ತೀರಿಹೋಗಿ ಆಗಲೇ ಹನ್ನೆರಡು ವರ್ಷ. ಕ್ಷಮೆ ಕೇಳಬೇಕಾದವರು ಇರಲಿಲ್ಲ. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, “ಬಾ, ಚಾ ಕುಡಿಯುವ” ಎಂದ.

ಚಾ ಕುಡಿಯುವಾಗ ಕೇಳಿದೆ, “ಈಗ ಇದು ನಿನ್ನ ಊರೇ ಅಲ್ಲವಾ?” ಅಲ್ಲಿ ದುಡಿಯಲು ಹೋದವರಿಗೆ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ, ವೀಸಾ ಇರುವಷ್ಟು ದಿನ ವಾಸ. ಅವನದು ಈಗ ಮಗನ ಹೆಸರಿನ ಮೇಲೆ ನಡೆಯುತ್ತದೆ. “ಕಾಗದದಲ್ಲಿ ನಾನು ಇವತ್ತಿಗೂ ಇಲ್ಲಿ ನೆಂಟ. ಆದರೆ ಆ ಕಿಟಕಿ ನನ್ನದಲ್ಲ ಅಂತ ಯಾರು ಹೇಳ್ತಾರೆ?” ಎಂದ.

ರಾತ್ರಿ ಮನೆಗೆ ಹೋದಾಗ ಅವನ ಹೆಂಡತಿ ಮಲ್ಲಿಗೆ ಮುಡಿದಿದ್ದರು. ಊಟದ ಜೊತೆಗೆ ಕುಮಟೆಯ ಈರುಳ್ಳಿ. ಮಗನೂ ಊಟಕ್ಕೆ ಕೂತಿದ್ದ. “ಇವತ್ತು ಏನೇನು ನೋಡಿದಿರಿ ಅಂಕಲ್?” ಎಂದು ಕೇಳಿದ. ನಾನು ಗೆಳೆಯನ ಮುಖ ನೋಡಿದೆ. ಅವನು ತಟ್ಟೆ ನೋಡುತ್ತ, “ನಾಳೆ ನೀನೂ ಬಾ, ತೋರಿಸ್ತೇನೆ” ಎಂದ. ಮರುದಿನ ಮೂವರೂ ಹೋದೆವು. ಮಗ ಆ ಕಿಟಕಿಯನ್ನು ಬಹಳ ಹೊತ್ತು ನೋಡಿದ.

ಮಕ್ಕಳೇ, ನಿಮ್ಮ ಮನೆಗೂ ಪರದೇಶದಿಂದಲೋ ಬೆಂಗಳೂರಿನಿಂದಲೋ ಮಾವ, ಚಿಕ್ಕಪ್ಪ ಬರಬಹುದು. ಚಾಕೊಲೇಟ್ ತೆಗೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿ: “ಮೊದಲು ಹೋದಾಗ ನೀವು ಎಲ್ಲಿ ಮಲಗುತ್ತಿದ್ರಿ?” ಅಜ್ಜ ಅಜ್ಜಿಯರೇ, ನಿಮ್ಮನ್ನು ಕೇಳಿದರೆ ನೀವೂ ಹೇಳಿ. ನನ್ನ ಮೊಮ್ಮಗಳಿಗೆ ಮುಂದಿನ ರಜೆಯಲ್ಲಿ ಭಟ್ಕಳದ ನನ್ನ ಹಳೆಯ ಕೋಣೆ ತೋರಿಸುವುದೆಂದು ಮಾತು ಕೊಟ್ಟಿದ್ದೇನೆ.