ಅಕ್ಕಿ ಹೇಗೂ ಅಂಗಡಿಯದ್ದು, ಪಲ್ಯವಾದರೂ ನಮ್ಮದಿರಲಿ

ಮೊನ್ನೆ ರಾತ್ರಿ ನಮ್ಮಲ್ಲಿ ಹೊಸ ಅಕ್ಕಿ ಊಟದ ಮಾತುಕತೆ ಆಯಿತು. ತುಳುವಿನಲ್ಲಿ ನಾವು ಪುದ್ದರ್ ಅಂತ ಹೇಳುವುದು. ಬೆಂಗಳೂರಿನಿಂದ ತಮ್ಮನ ಮಗ ಫೋನ್ ಮಾಡಿದ್ದ. "ದೊಡ್ಡಪ್ಪ, ಈ ಸಲ ಕ್ಯಾಟರಿಂಗ್‌ನವರಿಗೆ ಹೇಳುವ. ಎಲೆಗೆ ಇಷ್ಟು ಅಂತ ಕೊಟ್ರೆ ಅವರೇ ತಂದು ಬಡಿಸಿ ಹೋಗ್ತಾರೆ. ದೊಡ್ಡಮ್ಮನಿಗೂ ಮೊಣಕಾಲು ನೋವಲ್ವಾ?" ಅಂದ. ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಮೂವತ್ತು ಜನ ಸೇರುವ ಮನೆ ನಮ್ಮದು. ನಾನು ಆಯ್ತು ಅಂತಲೇ ಹೇಳುವವನಿದ್ದೆ. ಚಾವಡಿಯಲ್ಲಿ ಕೂತಿದ್ದ ಅಮ್ಮ ಕೇಳಿದರು, "ಅಕ್ಕಿಯೂ ಅಂಗಡಿಯದ್ದು, ಪಲ್ಯವೂ ಬೇರೆಯವರದ್ದು. ಮತ್ತೆ ಹೊಸತು ಅಂತ ಎಂತದು ಉಣ್ಣುವುದು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ರಾತ್ರಿ ನಿದ್ರೆಯೂ ಸರಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೈಲಿನ ಗದ್ದೆ ಅಡಿಕೆ ತೋಟ ಆಗಿ ಹದಿನೆಂಟು ವರ್ಷ ಆಯಿತು. ಯಾಕೆ ಆಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ನೇಜಿ ನೆಡ್ಲಿಕ್ಕೆ ಜನ ಇಲ್ಲ, ಹಂದಿ, ನವಿಲು, ಮೇಲಿನ ಗದ್ದೆಯವರು ಅಡಿಕೆ ಇಟ್ಟ ಮೇಲೆ ಕೆಳಗಿನವನಿಗೆ ಬಿಸಿಲೂ ಇಲ್ಲ. ಈಗ ತೆನೆ ದೇವಸ್ಥಾನದಿಂದ ತರುವುದು. ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಸೇರಿಸಿ ದಡ್ಡಲ್ ನಾರಿನಲ್ಲಿ ಕಟ್ಟುತ್ತೇವೆ. ಆ ತೆನೆಯದ್ದೇ ನಾಲ್ಕು ಕಾಳು ಸುಲಿದು ಅಂಗಡಿಯ ಕುಚ್ಚಲಕ್ಕಿ ಬೇಯುವ ಪಾತ್ರೆಗೆ ಹಾಕುತ್ತೇವೆ. ಎಲೆಯ ಎದುರು ಕೂತು ಚಿಕ್ಕವರು ಹಿರಿಯರ ಹತ್ತಿರ "ಹೊಸತು ಉಣ್ತೇನೆ" ಅಂತ ಕೇಳಿಯೇ ಕೈ ಹಾಕುವುದು. ಕ್ರಮ ಬಿಟ್ಟಿಲ್ಲ. ಆದರೆ ಹೊಸತು ಅಂದರೆ ಆ ನಾಲ್ಕು ಕಾಳು ಮಾತ್ರ.

ಗಡಿಯಾಚೆ ಬೆಳ್ಳೂರಿನ ಹತ್ತಿರದ ಬೇಳೇರಿಯಲ್ಲಿ ಸತ್ಯನಾರಾಯಣ ಅವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಇರುವುದೂ ಸಣ್ಣ ಜಾಗವೇ, ಗ್ರೋ ಬ್ಯಾಗಿನಲ್ಲೂ ಬೆಳೆಸಿದವರು. ಅಷ್ಟು ತಾಳ್ಮೆ ನನಗಿಲ್ಲ, ಒಪ್ಪಿಕೊಳ್ಳುತ್ತೇನೆ. ಭತ್ತಕ್ಕೆ ವಾಪಸು ಹೋಗಿ ಅಂತ ನಿಮಗೂ ಹೇಳುವುದಿಲ್ಲ. ನಾನು ಹೇಳುವುದು ಪಲ್ಯದ ವಿಷಯ.

ನಮ್ಮ ಮನೆಯಲ್ಲಿ ಪುದ್ದರಿಗೆ ಒಂಬತ್ತು ಬಗೆ ಆಗಬೇಕು. ಕೆಲವರಲ್ಲಿ ಏಳು, ಕೆಲವರಲ್ಲಿ ಐದು, ಒಟ್ಟು ಬೆಸ ಸಂಖ್ಯೆ ಇರಬೇಕು ಅಂತ ನಮ್ಮ ಕಡೆಯ ಲೆಕ್ಕ. ಹರಿವೆ ದಂಟಿನದ್ದು ಒಂದು, ಅಲಸಂಡೆ, ಬೆಂಡೆ, ಹೀರೆಕಾಯಿ, ತೊಂಡೆಕಾಯಿಗೆ ಗೇರುಬೀಜ ಹಾಕಿ ಪಲ್ಯ, ಹಾಗಲಕಾಯಿ ಗೊಜ್ಜು, ಕೆಸುವಿನ ದಂಟಿಗೆ ಅಂಬಟೆ ಹುಳಿ, ತಿಮರೆ ಚಟ್ನಿ, ಮತ್ತೆ ಉಪ್ಪುಸೊಳೆಗೆ ಕಡಲೆ ಹಾಕಿದ್ದು. ಒಂದಕ್ಕೂ ಪೇಟೆಗೆ ಹೋಗ್ಲಿಕ್ಕಿರಲಿಲ್ಲ, ಕಡಲೆಗೆ ಮಾತ್ರ. ಸೋಣ, ನಿರ್ನಾಲ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟು ಬಿಟ್ಟು ಬರುವಾಗ ಅಂಗಳದ ಬದಿಯಲ್ಲಿ ಎಂತ ಇರ್ತದೋ ಅದೇ ಎಲೆಗೆ ಬರುವುದು.

ಅದರಲ್ಲಿ ಉಪ್ಪುಸೊಳೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೇ ತಿಂಗಳಲ್ಲಿ ಬೆಳೆದ, ಆದರೆ ಹಣ್ಣಾಗದ ಹಲಸಿನಕಾಯಿ ಕೊಯ್ದು, ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಅಂತ ತುಂಬಿ ಮೇಲೆ ಕಲ್ಲು ಹೇರಿ ಇಡುವುದು. ಅಮ್ಮನಿಗೆ ಅಳತೆ ಇಲ್ಲ, ಕೈಯೇ ಅಳತೆ. "ಉಪ್ಪು ಹೆಚ್ಚಾದ್ರೆ ನೀರಲ್ಲಿ ಹಾಕಿ ಹಿಂಡಿ ತೆಗೀಬಹುದು, ಕಮ್ಮಿಯಾದ್ರೆ ಭರಣಿಯೇ ಹೋಯ್ತು" ಅಂತ ಹೇಳ್ತಾರೆ. ಹಬ್ಬದ ಹಿಂದಿನ ದಿನ ತೆಗೆದು ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ಮಾಡಿದ ಕೆಲಸಕ್ಕೆ ನವರಾತ್ರಿಯಲ್ಲಿ ರುಚಿ. ಇದನ್ನು ಯಾವ ಕ್ಯಾಟರಿಂಗ್‌ನವರು ಮಾಡ್ತಾರೆ ಮಾರಾಯ್ರೆ? ಅವರು ತರುವುದು ಘಟ್ಟದ ಕ್ಯಾಬೇಜು, ಬೀನ್ಸ್, ಬಟಾಟೆ. ಮದುವೆಗೂ ಅದೇ, ಬೊಜ್ಜಕ್ಕೂ ಅದೇ.

ಈಗ ನನ್ನದೇ ತಪ್ಪಿನ ಕಥೆ. ಐದಾರು ವರ್ಷದ ಹಿಂದೆ ಹುಲ್ಲು ಹೆರೆಯುವ ಸಂಬಳ ಉಳಿಸ್ಲಿಕ್ಕೆ ತೋಟಕ್ಕೆ ಗ್ಲೈಫೋಸೇಟ್ ಹೊಡೆಸಿದೆ. ಹದಿನೈದು ದಿನದಲ್ಲಿ ತೋಟ ಗುಡಿಸಿದ ಅಂಗಳದ ಹಾಗೆ ಆಯಿತು, ಬಂದವರೆಲ್ಲ ಹೊಗಳಿದರು. ಆ ವರ್ಷ ಪುದ್ದರಿನ ದಿನ ಬೆಳಿಗ್ಗೆ ಅಮ್ಮ ಬುಟ್ಟಿ ಹಿಡ್ಕೊಂಡು ತಿಮರೆ ಕೊಯ್ಯಲು ಹೋದವರು ಖಾಲಿ ಬುಟ್ಟಿಯಲ್ಲಿ ಬಂದರು. ಕಣಿಯ ಬದಿಯ ಕೆಸು ಕೂಡ ಸುಟ್ಟುಹೋಗಿತ್ತು. ಆ ಮದ್ದಿಗೆ ಇದು ಕಳೆ, ಇದು ಪಲ್ಯ ಅಂತ ಗೊತ್ತಿಲ್ಲವಲ್ಲ, ಹಸಿರು ಎಂದರೆ ಸಾಯಬೇಕು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ದಿನ ಎಲೆಯಲ್ಲಿ ಚಟ್ನಿ ಹಾಕುವ ಜಾಗ ಖಾಲಿಯೇ ಇತ್ತು.

2022ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ, ಕೀಟ ನಿಯಂತ್ರಣದ ಆಪರೇಟರುಗಳು ಬಿಟ್ಟು ಬೇರೆ ಯಾರೂ ಗ್ಲೈಫೋಸೇಟ್ ಹೊಡೆಯಬಾರದು ಅಂತ ಆದೇಶ ಹೊರಡಿಸಿತು. ಅದಕ್ಕೆ ಮೊದಲೇ ನಾನು ಬಿಟ್ಟಿದ್ದೆ. ಕಾನೂನಿಗೆ ಹೆದರಿ ಅಲ್ಲ, ಆ ಖಾಲಿ ಬುಟ್ಟಿ ನೋಡಿ. ಈಗ ವರ್ಷಕ್ಕೆ ಎರಡು ಸಲ ಮೆಷಿನಿನಲ್ಲಿ ಹುಲ್ಲು ಹೊಡೆಸುತ್ತೇನೆ. ಖರ್ಚು ಜಾಸ್ತಿ ಬೀಳುತ್ತದೆ, ಸುಳ್ಳು ಹೇಳುವುದಿಲ್ಲ. ತಿಮರೆ ಮಾತ್ರ ವಾಪಸು ಬಂತು, ಮೊದಲಿನಷ್ಟು ಅಲ್ಲ. ಇನ್ನೊಂದು ವಿಷಯ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮರದಡಿಯ ಕೆಸುವಿನ ಎಲೆ ಮೇಲೆಲ್ಲ ತುತ್ತಿನ ನೀಲಿ ಬೀಳುತ್ತದೆ, ಅದನ್ನು ತಿನ್ಲಿಕ್ಕಾಗುವುದಿಲ್ಲ. ಹಾಗಾಗಿ ಅಡಿಗೆಯ ಕೆಸು, ತಿಮರೆ ತೋಟದ ಹೊರಗೆ, ಬಚ್ಚಲ ನೀರು ಹೋಗುವಲ್ಲಿ ಬೇರೆಯೇ ಇಟ್ಟಿದ್ದೇನೆ. ಎರಡು ಅಡಿಕೆ ಮರದ ಜಾಗ ಸಾಕು.

"ಮಂಗ ಬಿಡ್ಬೇಕಲ್ಲ?" ಅಂತ ನೀವು ಕೇಳಬಹುದು. ಹೌದು, ಅಲಸಂಡೆ, ಬೆಂಡೆ ನಮ್ಮಲ್ಲೂ ಅರ್ಧಕ್ಕರ್ಧ ಮಂಗನಿಗೇ. ಆದರೆ ಕೆಸುವನ್ನೂ ತಿಮರೆಯನ್ನೂ ಇಷ್ಟರವರೆಗೆ ಅದು ಮುಟ್ಟಿದ್ದಿಲ್ಲ. ಭರಣಿಯೊಳಗಿನ ಉಪ್ಪುಸೊಳೆಗೆ ಮಂಗನ ಭಯವೇ ಇಲ್ಲ.

ಇದನ್ನೆಲ್ಲ ಬೆಳಿಗ್ಗೆ ಮನೆಯವಳಿಗೆ ಹೇಳಿದೆ. ಅವಳು ದೋಸೆ ಮಗುಚುತ್ತಾ, "ನಿಮಗೆ ಬರೀಲಿಕ್ಕೆ ಸುಲಭ. ಕೆಸು ಹೆಚ್ಚಿ ಕೈ ತುರಿಸುವುದು ಯಾರಿಗೆ?" ಅಂದಳು. ಈ ಮಾತಿಗೂ ನನ್ನಲ್ಲಿ ಉತ್ತರ ಇರಲಿಲ್ಲ. ಮೂವತ್ತು ವರ್ಷ ಒಂಬತ್ತು ಬಗೆ ಬೇಕು ಅಂತ ಹೇಳಿದವರಲ್ಲಿ ಒಂದು ತೆಂಗಿನಕಾಯಿಯನ್ನಾದರೂ ಹೆರೆದುಕೊಟ್ಟ ಗಂಡಸು ನಾನಲ್ಲ, ನಮ್ಮಪ್ಪನೂ ಅಲ್ಲ. ಸಂಪ್ರದಾಯ ಉಳಿಯಬೇಕು ಅಂತ ಹೇಳುವವರು ಮೊದಲು ಮೆಟ್ಟುಕತ್ತಿಯ ಮೇಲೆ ಕೂರಬೇಕು.

ಕೊನೆಗೆ ಹೀಗೆ ತೀರ್ಮಾನ ಆಯಿತು. ಅನ್ನ, ಸಾರು, ಪಾಯಸ ಮಾಡ್ಲಿಕ್ಕೆ ಊರಿನ ಒಬ್ಬರು ಅಡಿಗೆಯವರು ಬರುತ್ತಾರೆ. ಪಲ್ಯ ಒಂಬತ್ತಲ್ಲ, ಐದು. ಹರಿವೆ, ಹಾಗಲ, ಕೆಸು, ತಿಮರೆ, ಉಪ್ಪುಸೊಳೆ. ಅಮ್ಮ ಬೆಸ ಸಂಖ್ಯೆ ಅಂತ ಕೇಳಿ ಒಪ್ಪಿದರು. ಹೆಚ್ಚುವುದು, ಹೆರೆಯುವುದು ನಾನು, ತಮ್ಮ ಮತ್ತು ಬೆಂಗಳೂರಿನ ಹುಡುಗ. ಅವನಿಗೆ ಫೋನ್ ಮಾಡಿ ಹಿಂದಿನ ದಿನವೇ ಬರ್ಲಿಕ್ಕೆ ಹೇಳಿದ್ದೇನೆ. "ಕೆಸು ತುರಿಸ್ತದಾ ದೊಡ್ಡಪ್ಪ?" ಅಂತ ಕೇಳಿದ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ಅಷ್ಟಾಗಿ ಇಲ್ಲ ಅಂತ ಹೇಳಿದೆ.

ಈ ಸಲ ಹಲಸು ಚೆನ್ನಾಗಿ ಬಂದದ್ದರಿಂದ ನಮ್ಮಲ್ಲಿ ಒಂದು ಭರಣಿ ಉಪ್ಪುಸೊಳೆ ಹೆಚ್ಚೇ ಉಂಟು. ನಮ್ಮ ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಕಡೆಯವರಿಗೆ ಬೇಕಾದರೆ ಪಾತ್ರೆ ಹಿಡ್ಕೊಂಡು ಬನ್ನಿ, ದುಡ್ಡು ಬೇಡ. ತಿಮರೆ ಬಳ್ಳಿಯೂ ಕೊಡುತ್ತೇನೆ. ಯಾರ ಮನೆಯಲ್ಲಾದರೂ ಹಳೆಯ ಕೆಂಪು ದಂಟಿನ ಹರಿವೆಯ ಬೀಜ ಉಳಿದಿದ್ದರೆ ಒಂದು ಚಿಟಿಕೆ ತನ್ನಿ, ನಮ್ಮಲ್ಲಿ ಅದು ಹೋಗಿ ನಾಲ್ಕು ವರ್ಷ ಆಯಿತು.