ನಿಂತ ಕಾರಿನ ನಿದ್ದೆ

ಮೈಸೂರಿನ ಸರಸ್ವತಿಪುರಂನಲ್ಲಿ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಮನೆ ಎಂದಿಟ್ಟುಕೊಳ್ಳಿ. ಮಗ ಅಮೆರಿಕದಲ್ಲಿ. ಅಮ್ಮನಿಗೆ ಉಬ್ಬಸ, ಯಾವಾಗ ಆಸ್ಪತ್ರೆಗೆ ಓಡಬೇಕಾಗುತ್ತದೋ ಹೇಳಲಾಗದು. ಆದ್ದರಿಂದ ಆತ ಕಳೆದ ವರ್ಷ ಊರಿಗೆ ಬಂದಾಗ ಒಂದು ವಿದ್ಯುತ್ ಕಾರು ಕೊಡಿಸಿ, ಪೋರ್ಟಿಕೋದಲ್ಲಿ ಚಾರ್ಜರ್ ಕೂರಿಸಿ, ನಿಶ್ಚಿಂತನಾಗಿ ವಿಮಾನ ಹತ್ತಿದ. ಪೆಟ್ರೋಲ್ ಬಂಕಿಗೆ ಹೋಗುವ ತಾಪತ್ರಯವಿಲ್ಲ, ಗೇರಿನ ಗೊಡವೆಯಿಲ್ಲ, ಸದ್ದಿಲ್ಲ. ಮೇಷ್ಟ್ರು ತಿಂಗಳಿಗೆ ಎರಡು ಸಲ ಪಿಂಚಣಿ, ಔಷಧಿ ಎಂದು ಎರಡು ಮೂರು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸುತ್ತಿದ್ದರು. ಉಳಿದ ದಿನ ಅದರ ಮೇಲೊಂದು ಹೊದಿಕೆ.

ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಉಸಿರು ಕಟ್ಟಿತು. ಪಿಯುಸಿ ಓದಲು ಅಜ್ಜನ ಮನೆಯಲ್ಲೇ ಇದ್ದ ಮಗಳ ಮಗಳು ಓಡಿಹೋಗಿ ಹೊದಿಕೆ ಎಳೆದಳು. ಮೇಷ್ಟ್ರು ಕೀಲಿಯ ಗುಂಡಿ ಒತ್ತಿದರು. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದರು. ದೀಪವೂ ಮಿಣುಕಲಿಲ್ಲ.

‘ತಾತ, ನಿನ್ನೆ ಮೊಬೈಲಿನಲ್ಲಿ ನೋಡಿದಾಗ ಎಂಬತ್ತು ಪರ್ಸೆಂಟ್ ಚಾರ್ಜ್ ಇತ್ತು!’

‘ಇತ್ತು ಮಗೂ. ಈಗ ಆಟೋ ಕರಿ.’

ಪಕ್ಕದ ಬೀದಿಯ ಆಟೋದವನು ಐದು ನಿಮಿಷದಲ್ಲಿ ಬಂದ, ಆಸ್ಪತ್ರೆ ಸಿಕ್ಕಿತು, ಅಜ್ಜಿ ಮೂರನೆಯ ದಿನ ಮನೆಗೆ ಬಂದರು. ಆದರೆ ಎಂಬತ್ತು ಪರ್ಸೆಂಟಿನ ಕಾರು ಬಾಗಿಲನ್ನೂ ತೆರೆಯದೆ ನಿಂತದ್ದು ಹೇಗೆ? ಇದು ಮೇಷ್ಟ್ರ ಮನೆಯೊಂದರ ಪ್ರಶ್ನೆಯಲ್ಲ. ವಿದ್ಯುತ್ ಕಾರುಗಳು ಹೆಚ್ಚುತ್ತಿರುವ ಪ್ರತಿ ಊರಿನಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ.

ಉತ್ತರ ಬಾನೆಟ್ಟಿನ ಕೆಳಗಿದೆ. ವಿದ್ಯುತ್ ಕಾರಿನಲ್ಲಿ ಇರುವುದು ಒಂದು ಬ್ಯಾಟರಿಯಲ್ಲ, ಎರಡು. ಚಕ್ರ ತಿರುಗಿಸುವ ದೊಡ್ಡ ಲಿಥಿಯಂ ಬ್ಯಾಟರಿ ನೆಲದಡಿಯಲ್ಲಿದೆ. ಅದರ ಒತ್ತಡ ಸಾಮಾನ್ಯವಾಗಿ 300 ವೋಲ್ಟಿಗೂ ಮೇಲೆ, ಒಡಲಲ್ಲಿ ಮೂವತ್ತು ನಲವತ್ತು ಯೂನಿಟ್ ವಿದ್ಯುತ್ತು. ಇನ್ನೊಂದು ಪೆಟ್ರೋಲ್ ಕಾರುಗಳಲ್ಲಿ ಇರುವಂಥದೇ 12 ವೋಲ್ಟಿನ ಪುಟ್ಟ ಬ್ಯಾಟರಿ. ಬಹುಪಾಲು ಕಾರುಗಳಲ್ಲಿ ಅದೇ ಹಳೆಯ ಸೀಸ-ಆಮ್ಲದ್ದು. ಬಾಗಿಲಿನ ಬೀಗ, ದೀಪ, ಪರದೆ, ಕಂಪ್ಯೂಟರು ಎಲ್ಲ ನಡೆಯುವುದು ಈ ಚಿಕ್ಕಣ್ಣನಿಂದ. ಅಷ್ಟೇ ಅಲ್ಲ, ಸುರಕ್ಷತೆಗಾಗಿ ಕಾರು ನಿಂತಾಗಲೆಲ್ಲ ದೊಡ್ಡ ಬ್ಯಾಟರಿಯನ್ನು ಉಳಿದ ಭಾಗಗಳಿಂದ ಪೂರ್ತಿ ಕತ್ತರಿಸಿಡುತ್ತಾರೆ. ಮತ್ತೆ ಜೋಡಿಸುವ ದಪ್ಪನೆಯ ಸ್ವಿಚ್ಚಿಗೆ ಕಾಂಟ್ಯಾಕ್ಟರ್ ಎಂದು ಹೆಸರು. ಅದೊಂದು ವಿದ್ಯುತ್ಕಾಂತ, ಅದನ್ನು ಎಳೆಯಲು ಬೇಕಾದ ಶಕ್ತಿ ಬರುವುದೂ 12 ವೋಲ್ಟಿನಿಂದಲೇ. ಚಿಕ್ಕದು ಸತ್ತರೆ ದೊಡ್ಡದರ ಬಾಗಿಲು ತೆರೆಯುವವರಿಲ್ಲ. ಕಣಜದ ತುಂಬ ಭತ್ತ, ಬೀಗದ ಕೈ ಬಾವಿಯಲ್ಲಿ. ಚಾರ್ಜರಿನ ಪ್ಲಗ್ ಚುಚ್ಚಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಏಕೆಂದರೆ ಚಾರ್ಜರಿನೊಂದಿಗೆ ಮಾತಾಡಬೇಕಾದ ಕಂಪ್ಯೂಟರೂ ಅದೇ ಪುಟ್ಟ ಬ್ಯಾಟರಿಯ ಅನ್ನ ತಿನ್ನುವುದು.

ಪೆಟ್ರೋಲ್ ಕಾರಿನಲ್ಲಿ ಈ ಪುಟ್ಟ ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರ್. ವಿದ್ಯುತ್ ಕಾರಿನಲ್ಲಿ ಆ ಕೆಲಸ ಡಿಸಿ-ಡಿಸಿ ಕನ್ವರ್ಟರಿನದು. ದೊಡ್ಡ ಬ್ಯಾಟರಿಯ ಹೆಚ್ಚು ವೋಲ್ಟನ್ನು ಇಳಿಸಿ ಚಿಕ್ಕದಕ್ಕೆ ಉಣಿಸುತ್ತದೆ. ಆದರೆ ಹಲವು ಕಾರುಗಳಲ್ಲಿ ಅದು ಕೆಲಸ ಮಾಡುವುದು ಕಾರು ‘ರೆಡಿ’ ಎಂದು ತೋರಿಸುವಾಗ, ಇಲ್ಲವೆ ದೊಡ್ಡ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಮಾತ್ರ. ಚಿಕ್ಕದು ಇಳಿದದ್ದನ್ನು ತಾನೇ ಗಮನಿಸಿ ನಡುರಾತ್ರಿ ಎದ್ದು ತುಂಬಿಸುವ ಜಾಣ ಕಾರುಗಳೂ ಇವೆ. ನಿಮ್ಮದು ಯಾವ ಜಾತಿಯದು ಎಂಬುದನ್ನು ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ನೋಡಬೇಕು. ಆ ಪುಸ್ತಕ ಬಹುತೇಕ ಮನೆಗಳಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುತ್ತದೆ, ಆ ಮಾತು ಬೇರೆ.

ಈಗ ಸ್ವಲ್ಪ ಲೆಕ್ಕ. ಮೇಷ್ಟ್ರ ಮೊಮ್ಮಗಳು ಮಾಡಿದ್ದೂ ಇದನ್ನೇ. ಪುಟ್ಟ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ ಎನ್ನಿ. ಕಾರು ಗಾಢ ನಿದ್ದೆಯಲ್ಲಿದ್ದರೂ ಕಳ್ಳರ ಎಚ್ಚರಿಕೆ ಗಂಟೆ, ಕೀಲಿಯ ರೇಡಿಯೋ, ಗಡಿಯಾರಕ್ಕೆಂದು ಸುಮಾರು 40 ಮಿಲಿ ಆಂಪಿಯರ್ ಸೋರುತ್ತದೆ ಎನ್ನಿ. 0.04ನ್ನು 24ರಿಂದ ಗುಣಿಸಿದರೆ ದಿನಕ್ಕೆ 0.96 ಆಂಪಿಯರ್-ಗಂಟೆ. 36 ದಿನಕ್ಕೆ ಬ್ಯಾಟರಿ ಬರಿದು. ಆದರೆ ಮೇಷ್ಟ್ರ ಕಾರು ನಿಂತು ಆಗಿದ್ದುದು ಬರೇ ಹದಿನೈದು ದಿನ. ಉಳಿದದ್ದನ್ನು ತಿಂದವರು ಯಾರು?

ಇದಕ್ಕೆ ಉತ್ತರ ಸಿಕ್ಕಿದ್ದು ಫೋನಿನಲ್ಲಿ. ‘ಮಾವ, ನೀನು ಕಾರಿನ ಆ್ಯಪ್ ಎಷ್ಟು ಸಲ ನೋಡ್ತೀಯಾ?’ ಎಂದು ಅವಳು ಅಮೆರಿಕಕ್ಕೆ ಕೇಳಿದಳು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಚಾರ್ಜ್ ಎಷ್ಟಿದೆ, ಬಾಗಿಲು ಹಾಕಿದೆಯೇ, ಅಪ್ಪ ಎಲ್ಲಿಗಾದರೂ ಹೋಗಿದ್ದಾರೆಯೇ ಎಂದು ನೋಡಿಕೊಂಡರೇ ಅವನಿಗೆ ಸಮಾಧಾನ. ಪಾಪ, ಹಾಗೆ ನೋಡಿದಾಗೆಲ್ಲ ತಾನು ಮಲಗಿದ ಕಾರನ್ನು ಅಲುಗಿಸಿ ಎಬ್ಬಿಸುತ್ತಿದ್ದೇನೆಂದು ಅವನಿಗೆ ತಿಳಿಯದು. ಎಚ್ಚರವಾದ ಕಾರಿನ ಕಂಪ್ಯೂಟರುಗಳೆಲ್ಲ ಕಣ್ಣು ಬಿಟ್ಟು ಕೆಲವು ಆಂಪಿಯರ್ ಎಳೆಯುತ್ತವೆ. ಮತ್ತೆ ನಿದ್ದೆ ಹೋಗಲು ಕೆಲವು ನಿಮಿಷ ಬೇಕು. 5 ಆಂಪಿಯರಿನಂತೆ ಹತ್ತು ನಿಮಿಷ ಎಂದರೂ 0.83 ಆಂಪಿಯರ್-ಗಂಟೆ. ಇಡೀ ದಿನದ ನಿದ್ದೆಯ ಖರ್ಚು ಒಂದು ಇಣುಕು ನೋಟಕ್ಕೆ ಹತ್ತಿರ ಹತ್ತಿರ ಸಮ! ದಿನಕ್ಕೆ ಎರಡು ನೋಟ ಸೇರಿಸಿ ಲೆಕ್ಕ ಹಾಕಿ: ಒಟ್ಟು 2.6ರಷ್ಟಾಗುತ್ತದೆ. 35ನ್ನು ಅದರಿಂದ ಭಾಗಿಸಿದರೆ ಹದಿಮೂರು ಚಿಲ್ಲರೆ ದಿನ.

ಸೀಸ-ಆಮ್ಲ ಬ್ಯಾಟರಿಗೆ ಬರಿದಾಗಿ ಕೂರುವುದೆಂದರೆ ಆಗದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ರೂಪಿಸಿದಂದಿನಿಂದಲೂ ಅದರ ಸ್ವಭಾವ ಅದೇ. ವಿದ್ಯುತ್ ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಚಾರ್ಜ್ ಮಾಡಿದಾಗ ಕರಗಿ ಹಿಂದಿರುಗುತ್ತದೆ. ಬೇಗ ಚಾರ್ಜ್ ಮಾಡದಿದ್ದರೆ ಆ ನವಿರು ಪುಡಿ ದಪ್ಪ ಹರಳಾಗಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಕೆಲಸಕ್ಕೆ ಬಾರದು. ತುಂಬಿದ ಬ್ಯಾಟರಿ, ಕಾರು ಕೆಲವು ಗಂಟೆ ಸುಮ್ಮನಿದ್ದ ಮೇಲೆ, 12.6 ಅಥವಾ 12.7 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿಳಿದರೆ ಎಚ್ಚರ, 12.0 ಎಂದರೆ ಬಹುತೇಕ ಖಾಲಿ. ಮೇಷ್ಟ್ರ ಮನೆಗೆ ಬಂದ ಮೆಕ್ಯಾನಿಕ್ಕಿನ ಮೀಟರು ತೋರಿಸಿದ್ದು 9.8. ‘ಇದು ಚಾರ್ಜ್ ಹಿಡಿದರೂ ನಂಬೋ ಹಾಗಿಲ್ಲ ಮೇಷ್ಟ್ರೆ’ ಎಂದ. ಅವನ ಮಾತು ಸರಿ. ಕೆಲವು ಸಾವಿರ ರೂಪಾಯಿಯ ಈ ಭಾಗವನ್ನು ಬದಲಿಸಲು ಹಿಂದುಮುಂದು ನೋಡುವವರು, ಅದೇ ಕಾರಿಗೆ ಹತ್ತು ಲಕ್ಷಕ್ಕೂ ಮೇಲೆ ಕೊಟ್ಟಿರುತ್ತಾರೆ.

ಬೆಂಗಳೂರಿನವರಿಗೆ ಈ ಪಾಠ ಹೊಸದಲ್ಲ. 2001ರಲ್ಲಿ ಅಲ್ಲಿಯೇ ತಯಾರಾಗಿ ರಸ್ತೆಗಿಳಿದ ‘ರೇವಾ’ ನೆನಪಿರಬಹುದು. ಚೇತನ್ ಮೈನಿಯವರ ಆ ಪುಟಾಣಿ ಕಾರು ಮುಂದೆ ಲಂಡನ್ನಿನ ಬೀದಿಗಳಲ್ಲೂ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ಅದರಲ್ಲಿ ಚಕ್ರ ತಿರುಗಿಸುತ್ತಿದ್ದುದೇ ಸೀಸ-ಆಮ್ಲ: ಆರು ವೋಲ್ಟಿನ ಎಂಟು ಬ್ಯಾಟರಿ, ಒಟ್ಟು 48 ವೋಲ್ಟ್. ಅವಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು, ಬರಿದಾಗಲು ಬಿಡಬಾರದು. ಮರೆತವರಿಗೆ ಎಂಟಕ್ಕೆ ಎಂಟೂ ಕೈಕೊಡುವ ಭಯ. 2010ರಲ್ಲಿ ಕಂಪನಿ ಮಹೀಂದ್ರಾದವರ ಕೈಸೇರಿತು; 2013ರಲ್ಲಿ ಬಂದ ‘ಇ2ಒ’ ಕಾರಿನ ಹೊತ್ತಿಗೆ ಲಿಥಿಯಂ ಬಂದಿತ್ತು, ನೀರಿನ ಕಾಟ ತಪ್ಪಿತ್ತು. ಉಪೇಕ್ಷೆಯನ್ನು ನಿಜವಾಗಿ ಸಹಿಸುವ ಬ್ಯಾಟರಿ ಯಾವುದಾದರೂ ಇದ್ದರೆ ಅದು ಎಡಿಸನ್ನನ ನಿಕಲ್-ಕಬ್ಬಿಣದ್ದು. ಶತಮಾನದ ಹಿಂದೆ ಅಮೆರಿಕದ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಕಾರುಗಳಿಗೆ ಹೆಚ್ಚು ಹಣ ತೆತ್ತವರು ಅದನ್ನೇ ಹಾಕಿಸಿಕೊಳ್ಳುತ್ತಿದ್ದರು. ಬರಿದಾಗಿ ಬಿದ್ದಿದ್ದರೂ ಮತ್ತೆ ಏಳುವ ಗಟ್ಟಿ ಪಿಂಡ. ಆದರೆ ಭಾರ ಹೆಚ್ಚು, ಬೆಲೆ ಹೆಚ್ಚು.

ದೊಡ್ಡ ಲಿಥಿಯಂ ಬ್ಯಾಟರಿಯ ಸ್ವಭಾವ ಸೀಸದ್ದಕ್ಕೆ ತದ್ವಿರುದ್ಧ. ಗೊಂದಲವಾಗುವುದು ಇಲ್ಲೇ. ಸೀಸಕ್ಕೆ ಸದಾ ಹೊಟ್ಟೆ ತುಂಬಿರಬೇಕು. ಲಿಥಿಯಮ್ಮಿಗೆ ಹೊಟ್ಟೆ ಬಿರಿಯ ತುಂಬಿಸಿ ಕೂರಿಸಿದರೆ ಆಯಸ್ಸು ಕಡಿಮೆ. ಪೂರ್ತಿ ಚಾರ್ಜಿನಲ್ಲಿ, ಅದರಲ್ಲೂ ಸೆಕೆಯಲ್ಲಿ, ಒಳಗಿನ ದ್ರವ ನಿಧಾನವಾಗಿ ಅನಗತ್ಯ ರಾಸಾಯನಿಕ ಕ್ರಿಯೆಗೆ ಬೀಳುತ್ತದೆ. ಕಾರು ಒಂದು ಗೇಣೂ ಚಲಿಸದಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ನೂರು ಪರ್ಸೆಂಟ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ. ರಜೆಗೆ ಊರಿಗೆ ಹೋಗುವವರು ಅರ್ಧಕ್ಕೆ ತುಸು ಹೆಚ್ಚು ಚಾರ್ಜ್ ಇಟ್ಟು, ನೆರಳಿನಲ್ಲಿ ನಿಲ್ಲಿಸಿ ಹೋದರೆ ಸಾಕು. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ ಇರುವ ಕಾರುಗಳಿಗೆ ಆಗಾಗ ಪೂರ್ತಿ ಚಾರ್ಜ್ ಮಾಡಿರೆಂದು ತಯಾರಕರು ಹೇಳುತ್ತಾರೆ, ನಿಜ. ಚಾರ್ಜ್ ಇಳಿಯುತ್ತಿದ್ದರೂ ಅದರ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ, ಎಷ್ಟು ಉಳಿದಿದೆ ಎಂದು ಕಂಪ್ಯೂಟರಿಗೆ ಗೊತ್ತಾಗಲು ಆಗೊಮ್ಮೆ ಈಗೊಮ್ಮೆ ಶಿಖರ ಮುಟ್ಟಬೇಕು. ಮುಟ್ಟಿದ ಮೇಲೆ ಓಡಿಸಬೇಕು, ಅಲ್ಲೇ ಬಿಡುವುದಕ್ಕಲ್ಲ.

ಇನ್ನೊಂದು ತುದಿಯೂ ಅಪಾಯದ್ದೇ. ಲಿಥಿಯಂ ಕೋಶ ತೀರ ಬರಿದಾದರೆ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕುಳಿತು ಒಳಗೇ ಶಾರ್ಟ್ ಆಗಬಹುದು. 2012ರಲ್ಲಿ ಅಮೆರಿಕದಲ್ಲಿ ಗದ್ದಲವೆದ್ದದ್ದು ಇದೇ ಕಾರಣಕ್ಕೆ. ಟೆಸ್ಲಾದ ಮೊದಲ ಕಾರು ‘ರೋಡ್‌ಸ್ಟರ್’ಗಳನ್ನು ಕೆಲವರು ಪ್ಲಗ್ ಹಾಕದೆ ಬಹುಕಾಲ ಬಿಟ್ಟು, ಅವು ಪೂರ್ತಿ ಬರಿದಾಗಿ ಕಲ್ಲಾದವೆಂದೂ ಹೊಸ ಬ್ಯಾಟರಿಗೆ ಸುಮಾರು 40,000 ಡಾಲರ್ ಬೇಕೆಂದೂ ಸುದ್ದಿಯಾಯಿತು. ಇಂದಿನ ಕಾರುಗಳಲ್ಲಿ ಇದರ ವಿರುದ್ಧ ರಕ್ಷಣೆ ಹೆಚ್ಚು. ಆದರೂ ಇಪ್ಪತ್ತು ಪರ್ಸೆಂಟಿಗಿಂತ ಕೆಳಗೆ ಬಿಟ್ಟು ಬೀಗ ಹಾಕಿ ಹೋಗುವುದು ಜಾಣತನವಲ್ಲ.

ಉಳಿದ ಭಾಗಗಳಲ್ಲಿ ಹೆಚ್ಚು ಕಾಡುವುದು ಬ್ರೇಕು. ವಿದ್ಯುತ್ ಕಾರನ್ನು ಬಹುಪಾಲು ನಿಧಾನಿಸುವುದು ಮೋಟಾರೇ. ಅದು ಜನರೇಟರಾಗಿ ತಿರುಗಿ ಶಕ್ತಿಯನ್ನು ಹಿಂದಿರುಗಿಸುತ್ತದೆ. ಹೀಗಾಗಿ ಬ್ರೇಕಿನ ತಟ್ಟೆಗೆ ಉಜ್ಜಾಟವೇ ಇಲ್ಲ; ಮಂಗಳೂರು, ಕಾರವಾರದ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ‘ಐಡಿ.3’ ಕಾರಿನ ಹಿಂದಿನ ಚಕ್ರಗಳಿಗೆ ಹಳೆಯ ಕಾಲದ ಡ್ರಮ್ ಬ್ರೇಕನ್ನೇ ಹಾಕಿದ್ದಕ್ಕೆ ಇದೂ ಒಂದು ಕಾರಣ. ಮನೆಮದ್ದು ಸುಲಭ: ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೋಟಾರಿನ ತಡೆಯನ್ನು ಕನಿಷ್ಠಕ್ಕೆ ಇಳಿಸಿ ಕಾಲಿನಿಂದ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತುವುದು. ಟೈರು ಸವೆಯದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಅದರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 3522 ಎಂದಿದ್ದರೆ 2022ರ 35ನೆಯ ವಾರ ಹುಟ್ಟಿದ್ದೆಂದು ಅರ್ಥ. ಇನ್ನು ಇಲಿ. ಬಾನೆಟ್ಟಿನೊಳಗೆ ಗೂಡು ಕಟ್ಟಿ ತಂತಿ ಕಡಿದರೆ ಯಾವ ವಿಜ್ಞಾನವೂ ಉಳಿಸದು. ಕೋಳಿಗೂಡು, ಅಕ್ಕಿ ಮೂಟೆಗಳ ಪಕ್ಕ ಕಾರು ನಿಲ್ಲಿಸದಿರುವುದೇ ಲೇಸು.

ಒಂದು ಮಾತು ಮಕ್ಕಳಿಗೆ. 12 ವೋಲ್ಟಿನ ಬ್ಯಾಟರಿಯನ್ನು ಮನೆಯ ಹಿರಿಯರ ಎದುರಿನಲ್ಲಿ ಮಲ್ಟಿಮೀಟರಿನಿಂದ ಅಳೆಯಬಹುದು. ಮುಟ್ಟಿದರೆ ಶಾಕ್ ಹೊಡೆಯದು, ಆದರೆ ಸ್ಪ್ಯಾನರೋ ಬಳೆಯೋ ಎರಡೂ ತುದಿಗೆ ತಗುಲಿದರೆ ಕಿಡಿ ಹಾರಿ ಕೈ ಸುಟ್ಟೀತು. ಬಳೆ, ಉಂಗುರ, ಗಡಿಯಾರ ಬಿಚ್ಚಿಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಮಾತ್ರ ಕೈ ಹಿಂದಕ್ಕೆ. ಅದರಲ್ಲಿ ಹರಿಯುವುದು ಪ್ರಾಣ ತೆಗೆಯುವ ವೋಲ್ಟೇಜು. ಅದು ತರಬೇತಾದ ಮೆಕ್ಯಾನಿಕ್ಕಿಗೆ ಬಿಟ್ಟದ್ದು.

ಮೇಷ್ಟ್ರ ಮನೆಯಲ್ಲಿ ಹೊಸ ಪುಟ್ಟ ಬ್ಯಾಟರಿ ಬಂತು. ರಿಮೋಟಿನ ಹೊಟ್ಟೆಯಲ್ಲಿ ಅಡಗಿದ್ದ ಕಬ್ಬಿಣದ ಕೀಲಿಯನ್ನು ಹೊರತೆಗೆದು ಬಾಗಿಲು ತೆರೆಯುವುದನ್ನು ಅಜ್ಜಿಯೂ ಕಲಿತರು. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಚಿಕ್ಕದಕ್ಕೆ ಹೊಟ್ಟೆ ತುಂಬುವುದಿಲ್ಲವೆಂದು ಪ್ರತಿ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಹೊರಡುವ ಮೊದಲು ಮೊಮ್ಮಗಳು ಮೀಟರು ಹಿಡಿದು ಓದುತ್ತಾಳೆ, ಕಾರು ‘ರೆಡಿ’ ಆದ ಮೇಲೆ ಮತ್ತೊಮ್ಮೆ. ಆಗ ಹದಿಮೂರೂವರೆ ದಾಟಿದರೆ ಕನ್ವರ್ಟರು ಕೆಲಸ ಮಾಡುತ್ತಿದೆ ಎಂದರ್ಥ. ಮೇಷ್ಟ್ರು ಅದನ್ನು ಹಳೆಯ ಹಾಜರಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯುತ್ತಾರೆ: 12.7, 12.6, 12.7. ಅಮೆರಿಕದ ಮಾವ ಆ್ಯಪ್ ನೋಡುವುದನ್ನು ಬಿಟ್ಟು ಫೋನ್ ಮಾಡತೊಡಗಿದ್ದಾನೆ.

‘ಹೇಗಿದೆ ಇವತ್ತು?’

‘ಯಾವುದು ಮಾವ, ಕಾರೋ ಅಜ್ಜಿಯೋ?’